ತರಕಾರಿ ಹಾಕಿದ ಮ್ಯಾಕರೋನಿ ಚೀಸ್‌: ಕ್ಯಾಲೊರಿ ಲೆಕ್ಕ ಹಾಕೋದು ಹೇಗೆ?

ಪುಟ್ಟಿಯಮ್ಮ
ಮಗಳಿಗೆ ವಾರಕ್ಕೊಮ್ಮೆ ಮ್ಯಾಕರೋನಿ ಚೀಸ್ ಆಗಲೇಬೇಕು. ಸರಿ, ಅದರಲ್ಲಿ ಎಷ್ಟು ಕ್ಯಾಲೊರಿ ಇದೆ ಅಂತ ನೋಡೋಣ ಅಂದರೆ ಒಂದು ಆ್ಯಪ್ 100 ಗ್ರಾಂ ಮ್ಯಾಕರೋನಿಗೆ 370 ಅನ್ನುತ್ತದೆ, ಇನ್ನೊಂದು 158 ಅನ್ನುತ್ತದೆ. ಯಾವುದನ್ನು ನಂಬಬೇಕು?

ನಾಲ್ಕು ಜನಕ್ಕೆ ನನ್ನ ಅಳತೆ ಹೀಗಿದೆ: ಒಣ ಮ್ಯಾಕರೋನಿ 250 ಗ್ರಾಂ, ಚೆಡ್ಡಾರ್ 150 ಗ್ರಾಂ, ಕೆನೆ ತೆಗೆಯದ ಹಾಲು ಅರ್ಧ ಲೀಟರ್, ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ, ಬ್ರೊಕೊಲಿ 200, ಕ್ಯಾರೆಟ್ 100, ಬಟಾಣಿ 100. ಸಾಸ್‌ಗೆ ಒಂದು ಟೀ ಚಮಚ ಉಪ್ಪು. ಇಷ್ಟೊಂದು ತರಕಾರಿ ಇದೆಯಲ್ಲ, ಲೈಟ್ ಊಟ ಅಂದುಕೊಳ್ಳಬಹುದಾ? ಮಾವನಿಗೆ ಬಿಪಿ ಇದೆ, ಅವರೂ ಇದನ್ನೇ ತಿನ್ನುತ್ತಾರೆ.

ತಕ್ಕಡಿ
ಎರಡು ಆ್ಯಪ್ಪೂ ಸರಿ. 370 ಒಣ ಮ್ಯಾಕರೋನಿಯದು, 158 ಬೇಯಿಸಿದ್ದರದು. ಬೇಯುವಾಗ ನೀರು ಕುಡಿದು ತೂಕ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಕ್ಯಾಲೊರಿ ಇದ್ದಷ್ಟೇ ಇರುತ್ತದೆ. ಒಣದ್ದನ್ನು ತೂಗಿ ಬೆಂದದ್ದರ ಲೆಕ್ಕ ಹಾಕಿದರೆ ಅರ್ಧಕ್ಕರ್ಧ ಮಾಯ!

ನಿಮ್ಮ ಅಳತೆಗೆ ಸುಮಾರಾಗಿ ಕೂಡಿಸಿದೆ. ಮ್ಯಾಕರೋನಿ 925, ಚೀಸ್ 605, ಹಾಲು 310, ಬೆಣ್ಣೆ 215, ಮೈದಾ 110. ತರಕಾರಿ ಅಷ್ಟೂ ಸೇರಿ 190. ಒಟ್ಟು 2350ರ ಆಸುಪಾಸು, ಅಂದರೆ ಒಬ್ಬರಿಗೆ 590. ಜೊತೆಗೆ ಪ್ರೊಟೀನ್ 25 ಗ್ರಾಂ, ಕೊಬ್ಬು 24 ಗ್ರಾಂ, ನಾರಿನಂಶ 5-6 ಗ್ರಾಂ. ಆ ಕೊಬ್ಬಿನಲ್ಲಿ ಸ್ಯಾಚುರೇಟೆಡ್, ಅಂದರೆ ಬೆಣ್ಣೆ-ಚೀಸ್‌ನಲ್ಲಿ ಜಾಸ್ತಿ ಇರುವ, ಮಿತಿಯಲ್ಲಿ ತಿನ್ನಬೇಕಾದ ಕೊಬ್ಬೇ 13 ಗ್ರಾಂ. ದಿನದ ಕ್ಯಾಲೊರಿಯಲ್ಲಿ ಅದರ ಪಾಲು ಶೇ. 10 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ. ಒಂದೇ ತಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ತರಕಾರಿ ಹಾಕಿದ ಮಾತ್ರಕ್ಕೆ ಬೆಣ್ಣೆ, ಚೀಸ್ ಎಲ್ಲಿಗೂ ಹೋಗಲ್ಲ ಅಲ್ವಾ? ಲೈಟ್ ಅಂತೂ ಅಲ್ಲ.

ಹಾಲುಗೆನ್ನೆ
ಅಯ್ಯೋ, ಬರೀ ಬೈಗುಳ ಆಯಿತು. ಬೆಳೆಯೋ ಹುಡುಗಿಗೆ ಒಂದು ತಟ್ಟೆಯಲ್ಲಿ 450 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತಿದೆ, ಅದನ್ನು ಯಾಕೆ ಹೇಳಲಿಲ್ಲ? ಚೀಸ್, ಹಾಲು ಎರಡೂ ಇರೋದರಿಂದ. ಕ್ಯಾರೆಟ್‌ನ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಬೇಕಾದರೂ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಬ್ರೊಕೊಲಿಯನ್ನು ಮಾತ್ರ ಮ್ಯಾಕರೋನಿ ನೀರಲ್ಲಿ ಹಾಕಿ ಕುದಿಸಬೇಡಿ, ವಿಟಮಿನ್ ಸಿ ನೀರಿಗಿಳಿದು ಸಿಂಕಿಗೆ ಹೋಗುತ್ತದೆ. ಹಬೆಯಲ್ಲಿ ಬೇಯಿಸಿ ಕೊನೆಗೆ ಸೇರಿಸಿ.

ಪುಟ್ಟಿಯಮ್ಮ
ಇಬ್ಬರಿಗೂ ಥ್ಯಾಂಕ್ಸ್. ಚೀಸ್ ಕಡಿಮೆ ಮಾಡಿದರೆ ಮಗಳು ಮುಟ್ಟಲ್ಲ, ಅದೇ ಪೇಚು. ಮತ್ತೆ ಮಾವನ ವಿಷಯ ಯಾರೂ ಹೇಳಲಿಲ್ಲ.

ಒಗ್ಗರಣೆಸೌಟು
ಮಾವನ ವಿಷಯಕ್ಕೇ ಬರುತ್ತೇನೆ, ಇಲ್ಲಿ ದೊಡ್ಡ ತಲೆನೋವು ಕ್ಯಾಲೊರಿ ಅಲ್ಲ, ಉಪ್ಪು. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು, ಅಂದರೆ ಸುಮಾರು 5 ಗ್ರಾಂ ಉಪ್ಪು. ನಿಮ್ಮ ಆ ಒಂದು ಚಮಚವೇ ಅಷ್ಟಾಯಿತು! ನಾಲ್ಕು ಪಾಲು ಮಾಡಿದರೂ ತಲೆಗೆ 500, ಮೇಲೆ ಚೀಸ್, ಹಾಲಿನಿಂದ ಹತ್ತಿರ ಹತ್ತಿರ 300. ಒಂದು ಹೊತ್ತಿಗೆ 800. ಚೀಸ್‌ನಲ್ಲೇ ಉಪ್ಪಿರುವಾಗ ಸಾಸ್‌ಗೆ ಬೇರೆ ಯಾಕೆ? ಸುಮ್ನೆ ಬಿಟ್ಟುಬಿಡಿ. ಬೇಕಾದವರು ತಟ್ಟೆಗೆ ಉದುರಿಸಿಕೊಳ್ಳಲಿ. ಬೆಣ್ಣೆಯೂ ಉಪ್ಪಿಲ್ಲದ್ದೇ ಇರಲಿ.

ಮಗಳಿಗೆ ಗೊತ್ತಾಗದ ಹಾಗೆ ಚೀಸ್ ಇಳಿಸಬೇಕು ಅಂದರೆ ಚೆನ್ನಾಗಿ ಹಳತಾದ, ಖಡಕ್ ಚೆಡ್ಡಾರ್ ತಗೊಳ್ಳಿ. ಅದರ ರುಚಿ ಜೋರು, 110 ಗ್ರಾಂ ಸಾಕು. ಸಾಸ್‌ಗೆ ಕಾಲು ಚಮಚ ಸಾಸಿವೆ ಪುಡಿ ಹಾಕಿದರೆ ಚೀಸ್ ಇನ್ನೂ ಜಾಸ್ತಿ ಇದೆ ಅನ್ನಿಸುತ್ತದೆ. ತುರಿದ ಚೀಸನ್ನು ಉರಿ ಆರಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಬಿಡುತ್ತದೆ.

ಇನ್ನು ತರಕಾರಿ. ನೀವು ಅದನ್ನು ಮ್ಯಾಕರೋನಿಯ *ಮೇಲೆ* ಹಾಕುತ್ತಿದ್ದೀರಿ, *ಬದಲಿಗೆ* ಹಾಕಿ ನೋಡಿ. ಮ್ಯಾಕರೋನಿ 170ಕ್ಕೆ ಇಳಿಸಿ, 200 ಗ್ರಾಂ ಹೂಕೋಸು ಬೇಯಿಸಿ ಅರ್ಧ ರುಬ್ಬಿ ಸಾಸ್‌ಗೇ ಬೆರೆಸಿ, ಅರ್ಧ ಹಾಗೇ ಬಿಡಿ. ಬಿಳಿ ಸಾಸಿನಲ್ಲಿ ಬಿಳಿ ಹೂಕೋಸು, ಯಾರಿಗೂ ಕಾಣಲ್ಲ. ಚೀಸ್ ಇಳಿಸಿದ್ದು, ಮ್ಯಾಕರೋನಿ ಬದಲಿಗೆ ಹೂಕೋಸು ಹಾಕಿದ್ದು ಎರಡೂ ಸೇರಿ ಒಬ್ಬರಿಗೆ 100 ಕ್ಯಾಲೊರಿ ಕಮ್ಮಿ ಆಗುತ್ತದೆ, ತಟ್ಟೆ ಮಾತ್ರ ತುಂಬಿಯೇ ಇರುತ್ತದೆ.

ಪುಟ್ಟಿಯಮ್ಮ
ಹೂಕೋಸು ಐಡಿಯಾ ಚೆನ್ನಾಗಿದೆ. ಇನ್ನೊಂದು ಸಣ್ಣ ಪ್ರಶ್ನೆ. ನಾಲ್ವರೂ ಒಂದೇ ಅಳತೆ ತಿನ್ನಲ್ಲವಲ್ಲ, ಮಗಳದು ಚಿಕ್ಕ ಬಟ್ಟಲು. ಅವಳ ಲೆಕ್ಕ ಹೇಗೆ?

ತಕ್ಕಡಿ
ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ, ಅದನ್ನು ಕಳೆಯಿರಿ. ಈಗಿನ ಅಳತೆಗೆ 1600 ಗ್ರಾಂ ಬಂತು ಅಂತಿಟ್ಟುಕೊಳ್ಳಿ, 2350ನ್ನು ಭಾಗಿಸಿದರೆ 100 ಗ್ರಾಂಗೆ 147. ಅವಳ ಬಟ್ಟಲು 200 ಗ್ರಾಂ ಹಿಡಿದರೆ 294 ಕ್ಯಾಲೊರಿ. ಎರಡನೇ ಸಲ ಬಡಿಸಿಕೊಂಡರೆ ಅದನ್ನೂ ತೂಗಿ.