ಕಾನ್ಸರ್ಟ್ ಮುಗಿದ ಮೇಲೆ ರಾತ್ರಿ ಡೊಂಬಿವಲಿಗೆ ಒಬ್ಬಳೇ ಬರಬಹುದಾ?

ಧಾರವಾಡದ ಪಮ್ಮಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಐರೋಲಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಚಿಗವ್ವನ ಮನೆಯಲ್ಲಿ ಇದ್ದೇನೆ. ಮುಂಬೈ ಕಡೆ ಬಂದು ಒಂದು ವರ್ಷ ಆಯಿತು, ಆಫೀಸು ಮನೆ ಬಿಟ್ಟರೆ ಬೇರೆಲ್ಲೂ ಹೋದವಳಲ್ಲ.

ಈ ಶನಿವಾರ, 2025ರ ಮೇ 17ಕ್ಕೆ, ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಕಾರ್ಯಕ್ರಮ ಇದೆ. ಟಿಕೆಟ್ ತಗೊಂಡಾಗಿದೆ. ಜೊತೆಗೆ ಬರಬೇಕಿದ್ದ ಗೆಳತಿಗೆ ಊರಿಗೆ ಹೋಗಬೇಕಾಗಿ ಬಂತು, ಅವಳ ಟಿಕೆಟ್ ಬೇರೆ ಯಾರಿಗೋ ಕೊಟ್ಟಳು. ಈಗ ನಾನೊಬ್ಬಳೇ.

ನನಗೆ ಈ ಬ್ಯಾಂಡಿನ ಹುಚ್ಚು ಹತ್ತಿಸಿದ್ದು ನಮ್ಮಣ್ಣ. 2012ರ ಡಿಸೆಂಬರ್‌ನಲ್ಲಿ ಇವರು ಬೆಂಗಳೂರಿಗೆ ಬಂದಾಗ ಅವನಿಗೆ ಸೆಮಿಸ್ಟರ್ ಪರೀಕ್ಷೆ, ಹೋಗೋಕೆ ಆಗಲಿಲ್ಲ. ಆಗ ಬ್ಯಾಂಡಿನಲ್ಲಿ ಗಿಟಾರಿನ ಸ್ಲ್ಯಾಶ್ ಇರಲಿಲ್ಲ, ಬೇಸ್ ಗಿಟಾರಿನ ಡಫ್ ಇರಲಿಲ್ಲ, ಇಬ್ಬರೂ ತಿರುಗಿ ಸೇರಿದ್ದು 2016ರಲ್ಲಿ. ಅಣ್ಣ ಈಗ ಜರ್ಮನಿಯಲ್ಲಿದ್ದಾನೆ. 'ನೀನಾದರೂ ನೋಡಿ ಬಾ' ಅಂತ ಟಿಕೆಟ್ ದುಡ್ಡು ಅವನೇ ಕಳಿಸಿದ.

ಚಿಗವ್ವ ಮಾತ್ರ ಒಪ್ಪುತ್ತಿಲ್ಲ. ರಾತ್ರಿ ಹನ್ನೆರಡಕ್ಕೆ ಹುಡುಗಿ ಒಬ್ಬಳೇ ಬರೋದಾ ಅಂತ ಒಂದೇ ಮಾತು. ಕಾಕಾಗೆ ಬೆಳಗಿನ ಪಾಳಿ, ಅವರನ್ನ ಕರೆಯೋಕೂ ಮನಸ್ಸಿಲ್ಲ. ಕಾರ್ಯಕ್ರಮ ಎಷ್ಟಕ್ಕೆ ಮುಗಿಯುತ್ತದೆ? ಅಲ್ಲಿಂದ ಲೋಕಲ್ ಸಿಗುತ್ತದಾ? ಕೊನೆಯ ಒಂದೆರಡು ಹಾಡು ಬಿಟ್ಟು ಮೊದಲೇ ಹೊರಟರೆ ವಾಸಿಯಾ? ಒಬ್ಬಳೇ ನಿಂತು ನೋಡೋದು ಹೇಗಿರುತ್ತದೆ ಅನ್ನೋದನ್ನೂ ಯಾರಾದರೂ ಹೇಳಿ.

ಮುಲುಂಡ್ ಲೋಕಲ್

ಪಮ್ಮಿ, ಧೈರ್ಯವಾಗಿ ಹೋಗಿ. ನಾನು ಹನ್ನೆರಡು ವರ್ಷದಿಂದ ಕಾನ್ಸರ್ಟ್‌ಗಳಿಗೆ ಹೋಗುತ್ತಿದ್ದೇನೆ, ಅದರಲ್ಲಿ ಅರ್ಧ ಸಲ ಒಬ್ಬಳೇ.

ಮೊದಲು ಸಮಯ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಅದು 2000ದ ಶಬ್ದಮಾಲಿನ್ಯ ನಿಯಮ, ಹತ್ತರಿಂದ ಬೆಳಿಗ್ಗೆ ಆರರ ತನಕ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ಅದನ್ನು ಮಧ್ಯರಾತ್ರಿ ತನಕ ಸಡಿಲ ಮಾಡಬಹುದು. ನಮ್ಮಲ್ಲಿ ಆ ದಿನಗಳು ಹೆಚ್ಚಾಗಿ ಗಣಪತಿಗೂ ನವರಾತ್ರಿಗೂ ಹೋಗುತ್ತವೆ. ಹಾಗಾಗಿ ಎಷ್ಟೇ ದೊಡ್ಡ ಬ್ಯಾಂಡ್ ಬಂದರೂ ಹತ್ತರ ಹೊತ್ತಿಗೆ ಮುಗಿಸುತ್ತಾರೆ. ಚಿಗವ್ವನಿಗೆ ಇದನ್ನೇ ಮೊದಲು ಹೇಳಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಈಗ ದಾರಿ. ಗೇಟಿನ ಎದುರು ಟ್ಯಾಕ್ಸಿಗೆ ಕಾಯಬೇಡಿ, ಸುಮ್ನೆ ಮುಕ್ಕಾಲು ಗಂಟೆ ಹೋಗುತ್ತದೆ, ರೇಟೂ ಜಾಸ್ತಿ. ಜನರ ಜೊತೆಗೇ ಮಹಾಲಕ್ಷ್ಮಿ ಸ್ಟೇಷನ್‌ಗೆ ನಡೆಯಿರಿ. ಹಗಲು ಹೊತ್ತಿನಲ್ಲಿ ಸ್ಟೇಷನ್ ಪಕ್ಕದ ಪುಲ್ (ಸೇತುವೆ) ಮೇಲಿಂದ ಬಟ್ಟೆ ಒಗೆಯುವ ಧೋಬಿ ಘಾಟ್ ಕಾಣುತ್ತದೆ, ಹೋಗುವಾಗ ಒಮ್ಮೆ ನೋಡಿಕೊಂಡರೆ ರಾತ್ರಿ ದಾರಿ ತಪ್ಪುವುದಿಲ್ಲ. ಮಹಾಲಕ್ಷ್ಮಿಯಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲೋದು. ಚರ್ಚ್‌ಗೇಟ್ ಕಡೆಯದು ಬಿಟ್ಟು ಈ ಕಡೆ ಬರುವ ಯಾವ ಗಾಡಿಯಾದರೂ ಹತ್ತಿ. ಲೋವರ್ ಪರೇಲ್, ಪ್ರಭಾದೇವಿ, ಆಮೇಲೆ ದಾದರ್. ದಾದರ್‌ನಲ್ಲಿ ಇಳಿದು ಪುಲ್ ದಾಟಿ ಸೆಂಟ್ರಲ್ ಲೈನಿನ ಕಡೆಗೆ. ಅಲ್ಲಿ ಕಲ್ಯಾಣ್, ಬದ್ಲಾಪುರ್, ಕರ್ಜತ್, ಕಸಾರಾ ಯಾವುದು ಬಂದರೂ ನಿಮಗೆ ಆಗುತ್ತದೆ. ಥಾಣೆ ಅಂತ ಬೋರ್ಡ್ ಇದ್ದರೆ ಬಿಟ್ಟುಬಿಡಿ, ಅದು ಡೊಂಬಿವಲಿ ತನಕ ಬರಲ್ಲ. ಗಾಡಿ ಶುರುವಾಗುವ ಸಿಎಸ್‌ಎಂಟಿ ಸ್ಟೇಷನ್‌ನಿಂದ ಕೊನೆಯದು ಹೊರಡೋದೇ ಹನ್ನೆರಡು ದಾಟಿದ ಮೇಲೆ, ಬೇಕಾದಷ್ಟು ಹೊತ್ತಿದೆ. ಒಂದು ಮಾತ್ರ ನೋಡಿಕೊಳ್ಳಿ: ಶನಿವಾರ ರಾತ್ರಿ ಕೆಲವು ಸಲ ಹಳಿ ಕೆಲಸಕ್ಕೆ ಗಾಡಿ ನಿಲ್ಲಿಸುವ ಬ್ಲಾಕ್ ಇರುತ್ತದೆ, ಹೊರಡುವ ಮುಂಚೆ ಎಂ-ಇಂಡಿಕೇಟರ್ ಆ್ಯಪ್ ತೆರೆದು ನೋಡಿ.

ಟಿಕೆಟ್ ಡೊಂಬಿವಲಿಯಲ್ಲೇ ರಿಟರ್ನ್ ತಗೊಳ್ಳಿ. ರಾತ್ರಿ ಲೇಡೀಸ್ ಡಬ್ಬಾದಲ್ಲಿ ಪೊಲೀಸ್ ಇರುತ್ತಾರೆ, ಅದನ್ನೇ ನೋಡಿ ಹತ್ತಿ. ರೈಲ್ವೆ ಪೊಲೀಸರ ನಂಬರ್ 1512, ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಇನ್ನು ಒಬ್ಬಳೇ ನಿಲ್ಲೋದು. ಮೊದಲ ಅರ್ಧ ಗಂಟೆ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ತಿಳಿಯುವುದಿಲ್ಲ. ದೀಪ ಆರಿದ ಮೇಲೆ ಅದೆಲ್ಲ ಮರೆತುಹೋಗುತ್ತದೆ. ತೀರಾ ಮುಂದೆ ನುಗ್ಗಬೇಡಿ, ಸೌಂಡ್ ಮಿಕ್ಸರ್ ಇಟ್ಟಿರುವ ಗೋಪುರದ ಅಕ್ಕಪಕ್ಕ ನಿಂತುಕೊಳ್ಳಿ. ಮೈದಾನದಲ್ಲಿ ಶಬ್ದ ಸರಿಯಾಗಿ ಕೇಳೋದು ಅಲ್ಲೇ, ತಳ್ಳಾಟವೂ ಕಡಿಮೆ.

ಕೊತ್ರೂಡ್ ಕಿರಣ

ನಾನು ಪುಣೆಯಿಂದ ಇದೇ ಕಾರ್ಯಕ್ರಮಕ್ಕೆ ಬರುತ್ತಿದ್ದೇನೆ. ರಾತ್ರಿ ದಾದರ್‌ನಿಂದ ಶಿವನೇರಿ ಬಸ್ ಹಿಡಿಯುವ ಯೋಚನೆ, ಯಾಕೆಂದರೆ ಡೆಕ್ಕನ್ ಕ್ವೀನ್ ರೈಲು ಸಂಜೆಯೇ ಹೊರಟುಬಿಡುತ್ತದೆ.

ಒಂದು ವಿಷಯ ಹೇಳಲೇಬೇಕು, ಇದನ್ನು ನಮ್ಮ ಹುಡುಗರು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಯರ್‌ಪ್ಲಗ್ ತಗೊಂಡು ಹೋಗಿ. 2010ರಲ್ಲಿ ಕೋರೆಗಾಂವ್ ಪಾರ್ಕ್‌ನಲ್ಲಿ ಎನ್‌ಎಚ್7 ವೀಕೆಂಡರ್ ಸಂಗೀತೋತ್ಸವ ಮೊದಲ ಸಲ ನಡೆದಾಗಿನಿಂದ ನಾನು ಕಾನ್ಸರ್ಟ್ ನೋಡುತ್ತಿದ್ದೇನೆ. ಆರು ವರ್ಷದ ಹಿಂದೆ ಒಂದು ಸಣ್ಣ ಪಬ್‌ನಲ್ಲಿ ಸ್ಪೀಕರ್ ಪಕ್ಕದಲ್ಲೇ ಎರಡು ಗಂಟೆ ನಿಂತೆ. ಅವತ್ತು ಶುರುವಾದ ಗುಂಯ್ ಅನ್ನೋ ಶಬ್ದ ಎಡಗಿವಿಯಲ್ಲಿ ಇವತ್ತಿಗೂ ಇದೆ. ರಾತ್ರಿ ಫ್ಯಾನ್ ಆರಿಸಿದರೆ ಅದೊಂದೇ ಕೇಳುತ್ತದೆ.

ಲೆಕ್ಕ ಹೀಗಿದೆ. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ ಕೆಲಸದ ಜಾಗಗಳಿಗೆ ಹಾಕಿದ ಮಿತಿಯಲ್ಲಿ 85 ಡೆಸಿಬಲ್ ಆದರೆ 8 ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ ಆಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾನ್ಸರ್ಟ್ ಜಾಗಗಳಿಗೆ ಹೇಳಿದ ಮೇಲಿನ ಮಿತಿಯೂ ಸರಾಸರಿ 100 ಡೆಸಿಬಲ್ಲೇ.

ಮೆಡಿಕಲ್ ಅಂಗಡಿಯಲ್ಲಿ ಸ್ಪಂಜಿನ ಇಯರ್‌ಪ್ಲಗ್ ಸಿಗುತ್ತದೆ, ಬೆಲೆ ಏನೂ ಜಾಸ್ತಿ ಇಲ್ಲ. ಸುಮ್ನೆ ತುರುಕಿದರೆ ಕೆಲಸ ಮಾಡುವುದಿಲ್ಲ. ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಇಟ್ಟು, ಅದು ಉಬ್ಬುವ ತನಕ ಬೆರಳು ಒತ್ತಿ ಹಿಡಿಯಬೇಕು. ಹಾಡು ಹಾಡಾಗಿಯೇ ಕೇಳುತ್ತದೆ, ಚುಚ್ಚುವುದು ಮಾತ್ರ ಹೋಗುತ್ತದೆ.

ಮತ್ತೆ ನನ್ನ ಮಟ್ಟಿಗೆ, ಎರಡು ಹಾಡು ಮುಂಚೆ ಹೊರಡೋದೇ ವಾಸಿ. ಎಲ್ಲರೂ ಒಂದೇ ಸಲ ಗೇಟಿಗೆ ಬರುವಾಗಿನ ನೂಕುನುಗ್ಗಲು ಹುಡುಗಿಯರಿಗೆ ಒಳ್ಳೆಯದಲ್ಲ.

ಮುಲುಂಡ್ ಲೋಕಲ್

ಕಿರಣ್, ಕಿವಿಯ ವಿಷಯ ನೂರಕ್ಕೆ ನೂರು ಸರಿ. ಮೊದಲೇ ಹೊರಡೋದು ಮಾತ್ರ ನಾನು ಒಪ್ಪಲ್ಲ. ಮುಂಚೆ ಹೊರಟರೆ ಪಮ್ಮಿ ಆ ರಸ್ತೆಯಲ್ಲಿ ನಿಜವಾಗಿ ಒಬ್ಬಳೇ ಆಗುತ್ತಾಳೆ. ಎಲ್ಲರ ಜೊತೆ ಹೊರಟರೆ ಸಾವಿರಾರು ಜನ ಇರುತ್ತಾರೆ, ಹೆಂಗಸರೂ ಇರುತ್ತಾರೆ. ಮುಗಿದ ಮೇಲೆ ಹತ್ತು ನಿಮಿಷ ನಿಂತಲ್ಲೇ ನಿಲ್ಲಿ, ಮೊದಲ ನೂಕಾಟ ಕಳೆಯಲಿ, ಆಮೇಲೆ ಹೊರಡಿ. ಅಣ್ಣ ನೋಡಲಾಗದ್ದನ್ನು ನೋಡೋಕೆ ಹೋಗುತ್ತಿದ್ದಾಳೆ, ಮುಗಿಯುವ ಮುಂಚೆ ಓಡು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಮಧ್ಯಾಹ್ನವೇ ಹೊರಟರೆ ಮಾಟುಂಗಾದಲ್ಲಿ ಇಳಿದು, ಸ್ಟೇಷನ್ ಎದುರಿಗೇ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿಕೊಂಡು ಹೋಗಿ. 1942ರಿಂದ ಇದೆ. ಕಾನ್ಸರ್ಟ್ ಒಳಗಿನ ತಿಂಡಿ ಹೊಟ್ಟೆಗೂ ಸಾಲುವುದಿಲ್ಲ, ಜೇಬಿಗೂ ಭಾರ.

ಧೋಬಿ ತಲಾವ್ ಹಳಬ

ತಂಗಿ, ನನಗೀಗ ಐವತ್ತೇಳು. ಕುಂದಾಪುರದ ಕಡೆಯವನು. 1984ರಲ್ಲಿ ಮುಂಬೈಗೆ ಬಂದೆ, ಧೋಬಿ ತಲಾವ್ ಹತ್ತಿರ ನಮ್ಮವರದ್ದೇ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ, ಸಂಜೆ ಫೋರ್ಟ್ ಬಡಾವಣೆಯ ಕಡೆ ಕನ್ನಡ ರಾತ್ರಿಶಾಲೆ. ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದಲ್ಲಿ ರಂಗಭವನ ಅಂತ ಬಯಲು ರಂಗಮಂದಿರ ಇತ್ತು. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನುವ ರಾಕ್ ಸಂಗೀತೋತ್ಸವ ಶುರುವಾದದ್ದು ಅಲ್ಲೇ. ಆಗ ವಿದೇಶದ ಬ್ಯಾಂಡ್ ಬರುವುದು ಅಪರೂಪ, ನುಡಿಸುತ್ತಿದ್ದವರು ನಮ್ಮ ಹುಡುಗರೇ.

ಉದ್ದ ಕೂದಲಿನ ಕಾಲೇಜು ಹುಡುಗರು ನಮ್ಮಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದರು. ಅವರಲ್ಲಿ ಒಬ್ಬ ಒಂದು ದಿನ ಬಿಲ್ಲಿನ ತಟ್ಟೆಯಲ್ಲಿ ಚಿಲ್ಲರೆಯ ಜೊತೆ ಒಂದು ಟಿಕೆಟ್ ಇಟ್ಟು ಹೋದ. ಮಳೆ ಬಂದು ನಿಂತಿತ್ತು, ಕಲ್ಲಿನ ಮೆಟ್ಟಿಲು ಒದ್ದೆ. ನನಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಡ್ರಮ್ಮಿನ ಪೆಟ್ಟು ಎದೆಗೇ ಬಂದು ತಾಗಿತು, ಯಕ್ಷಗಾನದಲ್ಲಿ ಚಂಡೆಯ ಹತ್ತಿರ ಕೂತರೆ ಆಗುತ್ತದಲ್ಲ, ಹಾಗೇ. ಊರು ಬಿಟ್ಟು ಎರಡು ವರ್ಷ ಆಗಿತ್ತು, ಅವತ್ತು ಅಲ್ಲಿ ಕೂತು ಅತ್ತುಬಿಟ್ಟೆ.

ಆದರೆ ಹೋಟೆಲಿನ ಬಾಗಿಲು ಹಾಕುವ ಮೊದಲು ವಾಪಸು ಹೋಗಬೇಕಿತ್ತು, ನಾವು ಮಲಗುತ್ತಿದ್ದದ್ದೇ ಒಳಗೆ. ಕೊನೆಯ ಬ್ಯಾಂಡ್ ಹತ್ತುವಾಗ ಎದ್ದು ಬಂದೆ. ಗೋಡೆಯ ಆಚೆ ಜನ ಕೂಗುವುದು ಕೇಳುತ್ತಿತ್ತು. ಮುಂದಿನ ವರ್ಷ ನೋಡಿದರಾಯಿತು ಅಂದುಕೊಂಡೆ. ಆಮೇಲೆ ಹೋಟೆಲು ಬದಲಾಯಿತು, ಮದುವೆ, ಮಕ್ಕಳು. ಸುತ್ತ ಆಸ್ಪತ್ರೆ ಕಾಲೇಜು ಇರುವುದರಿಂದ ಅದು ನಿಶ್ಶಬ್ದ ವಲಯಕ್ಕೆ ಸೇರಿ ರಂಗಭವನದಲ್ಲಿ ಹಾಡೇ ನಿಂತುಹೋಯಿತು. ಈಗ ಮೆಟ್ರೋ ಸಿನಿಮಾ ಕಡೆ ಹೋದಾಗಲೆಲ್ಲ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ.

ಕೊನೆಯ ಹಾಡು ಕೇಳಿಕೊಂಡೇ ಬಾ. ಚಿಗವ್ವನಿಗೆ ಬೇಕಾದರೆ ಇದನ್ನು ಓದಿ ಹೇಳು.

ಧಾರವಾಡದ ಪಮ್ಮಿ

ಓದಿ ಹೇಳಿದೆ. ಚಿಗವ್ವ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ 'ದಾದರ್‌ಗೆ ಬಂದ ಕೂಡಲೇ ಫೋನ್ ಮಾಡು' ಅಂದಳು. ಒಪ್ಪಿದ ಹಾಗೇ ಅಲ್ವಾ?

ಇನ್ನೊಂದು ಪ್ರಶ್ನೆ, ಒಳಗೆ ಫೋನ್ ಕೆಲಸ ಮಾಡುತ್ತದಾ?

ಮುಲುಂಡ್ ಲೋಕಲ್

ಹೆಚ್ಚಾಗಿ ಇಲ್ಲ. ಅಷ್ಟು ಜನ ಒಂದೇ ಕಡೆ ಇದ್ದರೆ ನೆಟ್‌ವರ್ಕ್ ಕೂತುಬಿಡುತ್ತದೆ. ಹನ್ನೊಂದರ ತನಕ ಫೋನ್ ಬರದಿದ್ದರೆ ಗಾಬರಿ ಬೇಡ ಅಂತ ಮನೆಯಲ್ಲಿ ಮೊದಲೇ ಹೇಳಿಡಿ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪವರ್ ಬ್ಯಾಂಕ್ ಗೇಟಿನಲ್ಲೇ ತೆಗೆಸುವುದುಂಟು, ಫೋನ್ ಪೂರ್ತಿ ಚಾರ್ಜ್ ಮಾಡಿ ಹೊರಡಿ. ಮೇ ತಿಂಗಳ ಸೆಕೆ ಬೇರೆ, ಬಾಯಾರುವ ಮುಂಚೆಯೇ ನೀರು ಕುಡಿಯುತ್ತಾ ಇರಿ. ಕಾಲಿಗೆ ಹಳೇ ಶೂಸ್ ಸಾಕು.

ಧಾರವಾಡದ ಪಮ್ಮಿ

ಹೋಗಿ ಬಂದೆ!! ಈಗ ಭಾನುವಾರ ಮಧ್ಯಾಹ್ನ, ಈಗಷ್ಟೇ ಎದ್ದೆ, ಗಂಟಲು ಪೂರ್ತಿ ಹೋಗಿದೆ.

ಕೊನೆಯ ತನಕ ಇದ್ದೆ. ಮುಲುಂಡ್ ಅಕ್ಕ ಹೇಳಿದ ಹಾಗೆ ಮಿಕ್ಸರ್ ಗೋಪುರದ ಪಕ್ಕ ನಿಂತಿದ್ದೆ. ಸ್ಲ್ಯಾಶ್ ಅವರ ಟೋಪಿ ಕಂಡ ಕೂಡಲೇ ಮೈ ಜುಮ್ ಅಂತು, ಅಣ್ಣನ ಕೋಣೆಯ ಗೋಡೆಯ ಮೇಲೆ ಹನ್ನೆರಡು ವರ್ಷ ನೋಡಿದ ಅದೇ ಟೋಪಿ. ಪಕ್ಕದಲ್ಲಿ ಕಲ್ಯಾಣದ ಇಬ್ಬರು ಹುಡುಗಿಯರು ಸಿಕ್ಕರು, ದಾದರ್‌ನಿಂದ ಒಟ್ಟಿಗೇ ಬಂದೆವು. ಲೇಡೀಸ್ ಡಬ್ಬಾದಲ್ಲಿ ಪೊಲೀಸ್ ಒಬ್ಬರು ಇದ್ದರು, ನಾವು ಮೂವರೂ ಕಿವಿಯಿಂದ ಇಯರ್‌ಪ್ಲಗ್ ತೆಗೆಯೋದನ್ನ ನೋಡಿ ಅದೇನು ಅಂತ ವಿಚಾರಿಸಿದರು. ಕಿರಣ್ ಅವರೇ, ಕಿವಿ ಆರಾಮ್ ಇದೆ. ರಿಟರ್ನ್ ಟಿಕೆಟ್ ಇದ್ದದ್ದೂ ಒಳ್ಳೆಯದಾಯಿತು, ಮಹಾಲಕ್ಷ್ಮಿಯ ಕೌಂಟರ್ ಮುಂದೆ ದೊಡ್ಡ ಸಾಲು.

ಡೊಂಬಿವಲಿಯಲ್ಲಿ ಇಳಿದರೆ ಚಿಗವ್ವನೇ ನೀರಿನ ಬಾಟಲಿ ಹಿಡಿದು ಪುಲ್ ಕೆಳಗೆ ನಿಂತಿದ್ದಳು. ಕೊನೆಯ ಹಾಡಿನದು ನಲವತ್ತು ಸೆಕೆಂಡ್ ರೆಕಾರ್ಡ್ ಮಾಡಿದ್ದೆ, ಅಣ್ಣನಿಗೆ ಕಳಿಸೋಕೆ. ರಿಕ್ಷಾದಲ್ಲಿ ಅದನ್ನ ಚಿಗವ್ವ ಎರಡು ಸಲ ಹಾಕಿಸಿಕೊಂಡು ಕೇಳಿದಳು.

ಧೋಬಿ ತಲಾವ್ ಹಳಬ

ಆ ನಲವತ್ತು ಸೆಕೆಂಡ್ ಇಲ್ಲಿ ಹಾಕಲು ಬರುತ್ತದಾ ತಂಗಿ?