ಅಪ್‌ಡೇಟ್: ಸೋಗಾನೆ ಬಳಿಯ ತೋಟದಲ್ಲಿ ಡ್ರೋನ್ ಹಾರಿಸುವ ವಿಚಾರ

ಶಿವಮೊಗ್ಗ ವಿಮಾನ ನಿಲ್ದಾಣದಿಂದ 6 ಕಿಲೋಮೀಟರ್ ದೂರದ ನಮ್ಮ ಅಡಿಕೆ ತೋಟದ ಮೇಲೆ 249 ಗ್ರಾಂ ತೂಕದ ಡ್ರೋನನ್ನು ಅನುಮತಿಯಿಲ್ಲದೆ ಹಾರಿಸಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪರವಾನಗಿ ಬೇಡವೆಂಬುದು ನಿಜವಾದರೂ, ಎಲ್ಲಿ ಹಾರಿಸಬಹುದೆಂಬ ವಲಯದ ನಿರ್ಬಂಧಕ್ಕೂ ತೂಕಕ್ಕೂ ಸಂಬಂಧವಿಲ್ಲ. ನಿಲ್ದಾಣದ ಸುತ್ತಲಿನ 8 ಕಿಲೋಮೀಟರ್ ಒಳಗೆ ಹಸಿರು ವಲಯವೇ (ಅನುಮತಿಯಿಲ್ಲದೆ ಹಾರಿಸಬಹುದಾದ ಜಾಗ) ಇಲ್ಲ. (ತೂಕ ನೋಡಿಯೇ ದುಡ್ಡು ಸುರಿದವನು ನಾನು.)

ಹಾಗಾಗಿ ತೀರ್ಥಹಳ್ಳಿ ಕಡೆಯ ಭಾವನ ತೋಟಕ್ಕೆ ಹೋದೆ. ಡ್ರೋನ್ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಸಿರು ವಲಯ. 400 ಅಡಿಯವರೆಗೆ ಅನುಮತಿ ಬೇಡ. ಮಂಜು ಕರಗುವ ಮೊದಲೇ ಮೇಲೇರಿಸಿದ್ದರಿಂದ ಲೆನ್ಸಿನ ಮೇಲೆ ಹನಿ ಕೂತು ಚಿತ್ರವೆಲ್ಲ ಮಸುಕಾಯಿತು. ಒಂಬತ್ತರ ಬಿಸಿಲಿಗೆ ಮತ್ತೆ ಹಾರಿಸಿದಾಗ, ಹಳದಿಗೆ ತಿರುಗಿದ್ದ ಮೂರು ಮರಗಳ ಸೋಗೆ ಸ್ಪಷ್ಟವಾಗಿ ಕಂಡಿತು.