ಗುಡಿಬಂಡೆ ಕೆರೆ ಹತ್ರ ಮಕ್ಕಳ ಜೊತೆ ಒಂದ್ ರಾತ್ರಿ ಟೆಂಟ್ ಹಾಕ್ಬೋದಾ?

ಇಬ್ರು ಮಕ್ಕಳ ಅಮ್ಮ:
ಎಲ್ರಿಗೂ ನಮಸ್ಕಾರ. ನಾವಿರೋದು ಚಿಕ್ಕಬಳ್ಳಾಪುರ. ಮಗನಿಗೆ ಒಂಬತ್ತು, ಮಗಳಿಗೆ ಆರು ವರ್ಷ, ರಜೆ ಬಂದ್ರೆ ಸಾಕು ಟೆಂಟ್ ಟೆಂಟ್ ಅಂತ ಒಂದೇ ಹಠ, ಕೊನೆಗೆ ನಾಲ್ಕು ಜನ ಮಲಗೋ ಅಂಥದ್ದು ತಗೊಂಡೇಬಿಟ್ವಿ. ಡಿಸೆಂಬರ್ ಕೊನೆ ವಾರ ಗುಡಿಬಂಡೆ ಕೆರೆ, ಅದೇ ಅಮಾನಿ ಬೈರಸಾಗರದ ದಂಡೇಲಿ ಒಂದ್ ರಾತ್ರಿ ಇದ್ದು ಬೆಳಿಗ್ಗೆ ಕೋಟೆ ಹತ್ತೋಣ ಅಂತಿದೀವಿ. ಮಕ್ಕಳು ನೀರಲ್ಲಿ ಆಡ್ಬೋದಾ, ಯಾರ ಹತ್ರ ಆದ್ರೂ ಕೇಳ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಗುಡಿಬಂಡೆ ಹುಡುಗ:
ಅಕ್ಕಾ ನಮ್ಮೂರಿಗೆ ಬನ್ನಿ, ಖಂಡಿತ ಬನ್ನಿ. ಆದ್ರೆ ರಾತ್ರಿ ಕೆರೆ ದಂಡೇಲಿ ಮಾತ್ರ ಬೇಡ. ಒಂದು, ಅದು ಕ್ಯಾಂಪಿಂಗ್‌ಗೆ ಅಂತ ಮಾಡಿರೋ ಜಾಗ ಅಲ್ಲ, ಲೈಟಿಲ್ಲ, ಹುಲ್ಲು ಬಂಡೆ ಸಂದೀಲಿ ಕೊಳಕುಮಂಡಲ ಇರ್ತವೆ. ಎರಡನೇದು ಇನ್ನೂ ಮುಖ್ಯ. ನಮ್ ಕಡೆ ಕೆರೆಗಳಲ್ಲಿ ನೀರು ಇಳಿದಾಗ ಮಣ್ಣು ತೆಗೆದಿರ್ತಾರೆ, ಮತ್ತೆ ಮಳೆಗೆ ತುಂಬಿದ್ರೆ ಆ ಗುಂಡಿ ಎಲ್ಲಿದೆ ಅಂತ ಯಾರಿಗೂ ಕಾಣಲ್ಲ, ಮೊಣಕಾಲುದ್ದ ನೀರು ಅಂತ ಇಳಿದೋರು ಮುಂದಿನ ಹೆಜ್ಜೆಗೆ ತಲೆ ಮುಳುಗೋ ಆಳಕ್ಕೆ ಹೋಗ್ತಾರೆ, ಕೆಳಗೆ ಹೂಳು, ಕಾಲು ಕಿತ್ಕೊಳ್ಳೋಕೂ ಆಗಲ್ಲ. ಈಜು ಬರೋರೂ ಹಂಗೇ ಹೋಗಿರೋದು. ಮಕ್ಕಳನ್ನ ಏರಿ ಮೇಲೆ ನಿಲ್ಸಿ ನೀರು ತೋರ್ಸಿ, ಇಳಿಸ್ಬೇಡಿ, ಕೈ ಮುಗಿದು ಹೇಳ್ತೀನಿ.

ರಾತ್ರಿಗೆ ಪರಿಚಯದೋರ ತೋಟ ಇದ್ರೆ ಅಲ್ಲಿ ಹಾಕಿ. ಬೆಳಿಗ್ಗೆ ಬಿಸಿಲೇರೋ ಮುಂಚೆ ಸುರಸದ್ಮಗಿರಿ, ಅಂದ್ರೆ ನೀವು ಹೇಳಿದ ಕೋಟೆ ಬೆಟ್ಟ, ಹತ್ತಿ. ಬೈರೇಗೌಡ ಅನ್ನೋ ಪಾಳೇಗಾರ ಕಟ್ಸಿದ್ದು, ಏಳು ಸುತ್ತು, ಬಂಡೇಲೇ 19 ಕೊಳ ಇವೆ, ಮೇಲಿನದು ತುಂಬಿದ್ರೆ ಹೆಚ್ಚಾಗಿದ್ದು ಕೆಳಗಿನದಕ್ಕೆ ಹರಿಯೋ ಹಂಗೆ ಮಾಡವ್ರೆ, ಮಕ್ಕಳಿಗೆ ಅದನ್ನ ಬೆರಳಿಟ್ಟು ತೋರ್ಸಿ. ತುದೀಲಿ ಈಶ್ವರನ ಗುಡಿ. ಅಲ್ಲಿಂದ ಕೆಳಗೆ ನೋಡಿದ್ರೆ ಕೆರೆ ಥೇಟ್ ಭಾರತದ ಮ್ಯಾಪ್ ಥರಾನೇ ಕಾಣುತ್ತೆ, ನೀರು ಚೆನ್ನಾಗಿರೋ ವರ್ಷ ಇನ್ನೂ ಸ್ಪಷ್ಟ. 2021ರ ಮಳೆಗೆ ಜಿಲ್ಲೇಲಿ ಕೆರೆಗಳು ಕೋಡಿ ಬಿದ್ದಾಗ ದಿನಾ ಹತ್ತಿ ನೋಡ್ತಿದ್ದೆ, ಇವತ್ತಿಗೂ ಸಾಕು ಅನ್ಸಿಲ್ಲ.

ನಂದಿ ರೋಡ್:
ಅಷ್ಟು ದೂರ ಯಾಕೆ, ಕಂದವಾರ ಕೆರೆ ನಿಮ್ಮೂರಲ್ಲೇ ಇದೆಯಲ್ಲ?

ಗುಡಿಬಂಡೆ ಹುಡುಗ:
ಸಾಯಂಕಾಲ ಕೂತು ಬರೋಕೆ ಚೆನ್ನಾಗಿದೆ ಸರ್. ಆದ್ರೆ ಅದಕ್ಕೆ ಹೆಬ್ಬಾಳ-ನಾಗವಾರ ವ್ಯಾಲಿ ನೀರು ಬಿಟ್ಟಿದಾರೆ, ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧ ಮಾಡಿ ಕಳ್ಸೋದು. ಅಂತರ್ಜಲ ಏರ್ಲಿ ಅಂತ ಬಿಟ್ಟಿರೋ ನೀರು ಅದು, ಅದ್ರಲ್ಲಿ ಪಾತ್ರೆ ತೊಳೆಯೋದು, ಮಕ್ಕಳು ಮುಖ ತೊಳೆಯೋದು ಬೇಡ.

ಕುಣಿಗಲ್ ತೆಂಗು:
ಟೆಂಟ್ ವಿಷ್ಯ ನಾನು ಹೇಳ್ತೀನಿ. ಹೋದ ಜನವರೀಲಿ ಮಾರ್ಕೋನಹಳ್ಳಿ ಡ್ಯಾಮ್ ಹತ್ರ ನೆಂಟರ ತೋಟದಲ್ಲಿ ಹಾಕಿದ್ವಿ, ಚಳಿ ಅಂತ ಜಿಪ್ ಪೂರ್ತಿ ಎಳೆದು ಮಲಗಿದ್ವಿ, ಬೆಳಗಿನ ಜಾವ ನಾಲ್ಕಕ್ಕೆ ಹಣೆ ಮೇಲೆ ಟಪ್ ಟಪ್ ಅಂತ ನೀರು. ಇಬ್ಬನಿ ಒಳಗೆ ಬಂತು ಅಂದ್ಕೊಂಡ್ರೆ ಅದು ನಮ್ಮ ಉಸಿರೇ, ತಣ್ಣಗಿರೋ ಬಟ್ಟೆಗೆ ತಾಗಿ ಹನಿಯಾಗಿತ್ತು! ಮೇಲಿನ ಕಿಟಕಿ ಎರಡೂ ಕಡೆ ಸ್ವಲ್ಪ ತೆಗೆದಿಡಿ, ಸೊಳ್ಳೆ ಪರದೆ ಮಾತ್ರ ಹಾಕಿ. ತಗ್ಗಲ್ಲಿ ಹಾಕ್ಬೇಡಿ, ಚಳಿ ಅಲ್ಲೇ ಬಂದು ಕೂರುತ್ತೆ. ಕೆಳಗೆ ಹಾಸೋ ಟಾರ್ಪಾಲು ಟೆಂಟಿಗಿಂತ ಆಚೆ ಚಾಚ್ಕೊಂಡಿರ್ಬಾರ್ದು, ಇಬ್ಬನಿ ನೀರೆಲ್ಲ ಅದ್ರ ಮೇಲೆ ಬಿದ್ದು ನಿಮ್ಮ ಅಡಿಗೇ ಹರಿಯುತ್ತೆ. ಚಪ್ಪಲಿ ಒಳಗಿಟ್ಕೊಳಿ, ಬೆಳಿಗ್ಗೆ ಒದರಿ ಹಾಕ್ಕೊಳಿ.

ಇಬ್ರು ಮಕ್ಕಳ ಅಮ್ಮ:
ತುಂಬಾ ಥ್ಯಾಂಕ್ಸ್. ಗುಂಡಿ ವಿಷ್ಯ ಓದಿ ಎದೆ ಧಸಕ್ಕಂತು, ನಾವು ಟ್ಯೂಬ್ ಕೂಡ ತಗೊಂಡಿಟ್ಟಿದ್ವಿ. ನಮ್ಮನೆಯವರ ಸ್ನೇಹಿತರದು ಪೇರೇಸಂದ್ರ ಹತ್ರ ಮಾವಿನ ತೋಪಿದೆ, ಅವ್ರು ಬನ್ನಿ ಅಂದ್ರು, ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಕೋಟೆ. ಮಗಳು ಪುಸ್ತಕದಿಂದ ಭಾರತದ ಮ್ಯಾಪ್ ಬಿಡಿಸ್ಕೊಂಡಿದಾಳೆ, ಮೇಲೆ ನಿಂತು ಕೆರೆ ಪಕ್ಕ ಹಿಡಿದು ನೋಡ್ತಾಳಂತೆ. ಮೇಲೆ ಕುಡಿಯೋ ನೀರು ಸಿಗುತ್ತಾ?

ಗುಡಿಬಂಡೆ ಹುಡುಗ:
ನಂಬ್ಕೊಂಡು ಹತ್ಬೇಡಿ ಅಕ್ಕ, ತಲೆಗೊಂದು ಲೀಟರ್ ಹೊತ್ಕೊಂಡು ಹೋಗಿ. ಕೊಳದ ನೀರು ಕುಡಿಸ್ಬೇಡಿ. ಖಾಲಿ ಬಾಟ್ಲು ವಾಪಸ್ ತನ್ನಿ, ಪ್ಲೀಸ್. ಪಾಪುಗೆ ಹೇಳಿ, ಮ್ಯಾಪ್ ತಿರುಗಿಸಿ ತಿರುಗಿಸಿ ನೋಡ್ಬೇಕಾಗುತ್ತೆ ಅಂತ.